ಬಾರ್ಟನ್ಸ್‌ವಿಲ್ ಸೇತುವೆಗೆ ಸೂರು ಯಾಕೆ?

ಉದುರುವ ಮುನ್ನ ಕೆಂಪು, ಹಳದಿಗೆ ತಿರುಗುವ ಎಲೆಗಳ ಬಣ್ಣ ನೋಡಲು ಅಕ್ಟೋಬರಿನಲ್ಲಿ ಅಮೆರಿಕದ ವರ್ಮಾಂಟ್ ರಾಜ್ಯಕ್ಕೆ ಹೊರಡುವ ನಮ್ಮ ಸದಸ್ಯರು ಒಂದಾದರೂ ಸೂರಿನ ಸೇತುವೆಯ ಮುಂದೆ ಫೋಟೊ ತೆಗೆಸಿಕೊಳ್ಳದೆ ಬರುವುದಿಲ್ಲ. ಈ ಸಲ ರಾಕಿಂಗ್‌ಹ್ಯಾಮ್ ಸೀಮೆಯ ಬಾರ್ಟನ್ಸ್‌ವಿಲ್‌ಗೆ ಹೋದವರು ದಯವಿಟ್ಟು ಸೇತುವೆಯ ಒಳಗೂ ಹತ್ತು ನಿಮಿಷ ನಿಂತು ನೋಡಿ.

1869ರ ನೆರೆಯಲ್ಲಿ ವಿಲಿಯಮ್ಸ್ ನದಿ ತನ್ನ ಪಾತ್ರವನ್ನೇ ಬದಲಿಸಿತು. ಮರುವರ್ಷ ಸ್ಯಾನ್‌ಫರ್ಡ್ ಗ್ರೇಂಜರ್ ಇಲ್ಲಿ 151 ಅಡಿ ಉದ್ದದ ಸೇತುವೆ ಕಟ್ಟಿದರು. ಇಕ್ಕೆಲದ ಮರದ ಜಾಲರಿಯೇ ಭಾರ ಹೊರುವ ಈ ವಿಧಾನಕ್ಕೆ ವಾಸ್ತುಶಿಲ್ಪಿ ಇಥಿಯೆಲ್ ಟೌನ್ 1820ರಲ್ಲಿ ಪೇಟೆಂಟ್ ಪಡೆದಿದ್ದರು. ಇದಕ್ಕೆ ಭಾರಿ ತೊಲೆಗಳು ಬೇಡ. ಮಿಲ್ಲಿನಲ್ಲಿ ಕೊಯ್ದ ಹಲಗೆಗಳನ್ನು ಓರೆಯಾಗಿ ಅಡ್ಡಹಾಯಿಸಿ, ಅವು ಕೂಡುವಲ್ಲೆಲ್ಲ ತೂತು ಕೊರೆದು ಗಟ್ಟಿಮರದ ಗೂಟ ಬಡಿದರಾಯಿತು. ಹಳ್ಳಿಯ ಬಡಗಿಗಳ ಕೈಗೆ ಎಟುಕುವ ಕೆಲಸ. ಈ ನಾಡಿನಲ್ಲಿ ಅದು ಅಷ್ಟು ಹಬ್ಬಿದ್ದೂ ಅದಕ್ಕೇ.

ಸೂರು ಇರುವುದು ದಾಟುವವರಿಗಲ್ಲ, ಈ ಜಾಲರಿಗೆ. ಮಳೆಗೆ ಒಡ್ಡಿಕೊಂಡ ಮರದ ಸೇತುವೆ ಹತ್ತು ಹದಿನೈದು ವರ್ಷಕ್ಕೆ ಲಡ್ಡಾಗುತ್ತದೆ. ಸೂರಿದ್ದರೆ ನೂರು ವರ್ಷ ದಾಟಬಲ್ಲದು. ಚಳಿಗಾಲದಲ್ಲಿ ಮಾತ್ರ ಬೇರೆ ಪೇಚು: ಜಾರುಬಂಡಿ ಓಡಲು ನೆಲದ ಮೇಲೆ ಹಿಮ ಬೇಕಲ್ಲ? ಹಿಂದೆ ಈ ಊರುಗಳಲ್ಲಿ ಕೂಲಿ ಕೊಟ್ಟು ಸೇತುವೆಯೊಳಗೆ ಹಿಮ ಹರಡಿಸುತ್ತಿದ್ದರು.

ಇಂಥ ಸೇತುವೆ ಕೆಡಲು ಶುರುವಾಗುವುದು ಹೆಚ್ಚಾಗಿ ತುದಿಗಳಲ್ಲಿ. ಗಾಡಿಚಕ್ರ ತಂದ ಮಣ್ಣು, ತರಗೆಲೆ ಕೆಳತೊಲೆಯ ಕೊನೆಗೆ, ದಡದ ಕಲ್ಲುಕಟ್ಟೆಯ ಮೇಲೆ, ಸೇರಿಕೊಳ್ಳುತ್ತವೆ. ಅಲ್ಲಿ ತೇವ ಆರುವುದಿಲ್ಲ, ಮರ ಒಳಗೊಳಗೇ ಕೊಳೆಯುತ್ತದೆ. ವರ್ಷಕ್ಕೊಮ್ಮೆ ಆ ಮೂಲೆಗಳನ್ನು ಗುಡಿಸಿ, ಸೂರಿನ ಸೋರಿಕೆ ಮುಚ್ಚುವುದು ಬಹುದೊಡ್ಡ ದುರಸ್ತಿಯನ್ನು ತಪ್ಪಿಸುತ್ತದೆ.

ಆದರೆ ನದಿಯ ಮುಂದೆ ಸೂರು ಏನು ಮಾಡೀತು? 2011ರ ಆಗಸ್ಟ್ 28ರಂದು ಐರೀನ್ ಚಂಡಮಾರುತದ ನೆರೆ ದಡವನ್ನು ಕೊರೆಯಿತು. ಆಧಾರ ತಪ್ಪಿ ಇಡೀ ಸೇತುವೆ ನೀರಿಗೆ ಜಾರಿತು. 141 ವರ್ಷದ ಸೇತುವೆ ಹೋದ ಮೇಲೆ ಊರಿನವರು ಪಟ್ಟು ಹಿಡಿದು ಅದೇ ಜಾಲರಿಯ ಮರದ ಸೇತುವೆಯನ್ನೇ ಮತ್ತೆ ಕಟ್ಟಿಸಿದರು. ಈ ಹಟ ನಮಗೆ ಬಹಳ ದೊಡ್ಡದಾಗಿ ಕಾಣುತ್ತದೆ. 2013ರ ಜನವರಿಯಲ್ಲಿ ತೆರೆದ ಹೊಸ ಸೇತುವೆಯ ಉದ್ದ 168 ಅಡಿ.

ವ್ಯಾನಿನ ಮೇಲೆ ಸಾಮಾನು ಕಟ್ಟಿಕೊಂಡು ಹೋಗುವವರು ಯಾವುದೇ ಸೂರಿನ ಸೇತುವೆಯನ್ನು ಹೊಗುವ ಮೊದಲು ಎತ್ತರ, ತೂಕದ ಫಲಕ ಓದಿ. ಎದುರು ಗಾಡಿ ಒಳಗಿದ್ದರೆ ಅದು ಹೊರಬರುವವರೆಗೆ ನಿಲ್ಲಿ.