ಬಾಡಿಗೆಗೆ ಸಂಬಳದಲ್ಲಿ ಎಷ್ಟು ಪಾಲು?

ಮಾನ್ಯ ಸಂಪಾದಕರೇ,

ಸಂಬಳದ ಶೇ 30ಕ್ಕಿಂತ ಜಾಸ್ತಿ ಬಾಡಿಗೆ ಕೊಡಬಾರದು ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ಅಮೆರಿಕದಲ್ಲಿ 1969ರಲ್ಲಿ ಸರ್ಕಾರಿ ವಸತಿಗಳ ಬಾಡಿಗೆಗೆ ಆದಾಯದ ಶೇ 25ರ ಮಿತಿ ಹಾಕಿದರು. 1981ರಲ್ಲಿ ಅದು ಶೇ 30 ಆಯಿತು. ಬಡ ಕುಟುಂಬಗಳಿಗಾಗಿ ಮಾಡಿದ ಲೆಕ್ಕವನ್ನು ಸುಮ್ನೆ ಎಲ್ಲರ ತಲೆಗೂ ಕಟ್ಟುವುದು ಸರಿಯಲ್ಲ.

ನಾಲ್ಕು ವರ್ಷದ ಹಿಂದೆ ಶೇ 22 ಕೊಟ್ಟು ದೂರದಲ್ಲಿ ಮನೆ ಮಾಡಿದ್ದೆ. ದುಡ್ಡು ಉಳಿಯಿತು ಅಂತ ಖುಷಿಪಟ್ಟೆ. ಮೂರು ತಿಂಗಳು ಎಲ್ಲ ಖರ್ಚನ್ನೂ ನೋಟ್‌ಬುಕ್ಕಿನಲ್ಲಿ ಬರೆದೆ. ಓಡಾಟದ ಖರ್ಚು ಸೇರಿಸಿದರೆ ಶೇ 34 ಆಗಿತ್ತು! ದಿನಕ್ಕೆ ಮೂರು ಗಂಟೆ ದಾರಿಯಲ್ಲೇ ಕಳೆಯುತ್ತಿತ್ತು. ಮನೆ ಸೇರುವಾಗ ಮಗಳು ಮಲಗಿರುತ್ತಿದ್ದಳು. ಅವಳು ಬಿಡಿಸಿದ ಚಿತ್ರ ನನ್ನ ದಿಂಬಿನ ಮೇಲೆ ಇರುತ್ತಿತ್ತು. ಅದನ್ನು ನೋಡಿದಾಗ ಎದೆ ಚುರ್ ಅನ್ನುತ್ತಿತ್ತು.

ಈಗ ಕೆಲಸದ ಹತ್ತಿರವೇ ಶೇ 32 ಕೊಡುತ್ತಿದ್ದೇನೆ. ನಡೆದೇ ಹೋಗುತ್ತೇನೆ.

ಸಾಲದ ಕಂತು ಇದ್ದವರು ಅದನ್ನು ಕಳೆದು, ಕೈಗೆ ಉಳಿಯುವ ಹಣದ ಮೇಲೆ ಲೆಕ್ಕ ಹಾಕಬೇಕು ಅಲ್ವಾ? ಕಡಿಮೆ ಸಂಬಳದವರಿಗೆ ಶೇ 30 ಕೂಡ ಭಾರವೇ. ಉಳಿದದ್ದರಲ್ಲಿ ಊಟ, ಔಷಧ ಎಲ್ಲವೂ ಆಗಬೇಕು. ಮನೆ ಹುಡುಕುವವರಿಗಾಗಿ ಓಡಾಟದ ಖರ್ಚನ್ನೂ ಸೇರಿಸಿದ ಲೆಕ್ಕವೊಂದನ್ನು ತಮ್ಮ ಪತ್ರಿಕೆ ದಯವಿಟ್ಟು ಪ್ರಕಟಿಸಲಿ.

– ಒಬ್ಬ ಬಾಡಿಗೆದಾರ