ಆ ಚರ್ಮದ ತುಂಡನ್ನ ಫಾರ್ಮಾಲಿನ್‌ಗೆ ಹಾಕ್ಬೇಡಿ

ಸಂಪಾದಕರಿಗೆ ನಮಸ್ಕಾರ,

ನಾನು 16 ವರ್ಷದಿಂದ ಬಯಾಪ್ಸಿ ಲ್ಯಾಬಲ್ಲಿ ಟೆಕ್ನಿಶಿಯನ್. ಹೋದ ತಿಂಗಳು ಒಬ್ಬ ಹುಡುಗ ರಾತ್ರಿ ಬಸ್ಸಲ್ಲಿ ಬಂದು ನಾವು ಬಾಗಿಲು ತೆಗೆಯೋ ಮುಂಚೇನೇ ನಿಂತಿದ್ದ, ಕೈಲಿ ಅವರಮ್ಮನ ಚರ್ಮದ ತುಂಡಿದ್ದ ಡಬ್ಬಿ. ಮುಚ್ಚಳ ತೆಗೆದ್ರೆ ಫಾರ್ಮಾಲಿನ್ ಘಾಟು, ತುಂಡು ಕೊಳೀದೇ ಇರ್ಲಿ ಅಂತ ಹಾಕೋ ದ್ರಾವಣ ಅದು. ಚೀಟಿಲಿ ಬರೆದಿದ್ದು ಇಮ್ಯುನೊಫ್ಲೋರೆಸೆನ್ಸ್ ಟೆಸ್ಟ್, ಅಂದ್ರೆ ಚರ್ಮದಲ್ಲಿರೋ ಆಂಟಿಬಾಡಿಗೆ ಹೊಳೆಯೋ ಬಣ್ಣ ಅಂಟಿಸಿ ನೋಡೋದು. ಇದ್ರಲ್ಲಿ ಆ ಟೆಸ್ಟ್ ಆಗಲ್ಲಪ್ಪಾ, ಅಮ್ಮಂಗೆ ಇನ್ನೊಂದ್ಸಲ ತೆಗೀಬೇಕು ಅಂತ ಹೇಳೋವಾಗ ಅವನ ಮುಖ ನೋಡಕ್ಕಾಗ್ಲಿಲ್ಲ.

ಕಾಯಿಲೆ ಹೆಸರು ಪೆಂಫಿಗಸ್. ಎಷ್ಟೋ ಜನಕ್ಕೆ ಮೊದಲು ಬಾಯಲ್ಲೇ ಹುಣ್ಣಾಗತ್ತೆ, ಹೀಟ್ ಆಗಿದೆ ಅಂತ ತಿಂಗಳುಗಟ್ಟಲೆ ಬಿ ಕಾಂಪ್ಲೆಕ್ಸ್ ನುಂಗ್ತಾರೆ, ಆಮೇಲೆ ಮೈಮೇಲೆ ಗುಳ್ಳೆ ಎದ್ರೆ ಸರ್ಪಸುತ್ತು ಅಂತ ಕೆಮ್ಮಣ್ಣು ಹಚ್ಚಿಸ್ತಾರೆ. ಸರ್ಪಸುತ್ತು ವೈರಸ್ಸಿಂದ ಬರೋದು, ಸಾಮಾನ್ಯವಾಗಿ ಮೈಯ ಒಂದೇ ಪಕ್ಕ ಪಟ್ಟಿ ಥರ ಇರತ್ತೆ. ಇದು ಹಂಗಲ್ಲ, ಚರ್ಮದ ಜೀವಕೋಶಗಳನ್ನ ಒಂದಕ್ಕೊಂದು ಅಂಟಿಸಿ ಹಿಡಿದಿರೋ ಡೆಸ್ಮೊಗ್ಲೀನ್ ಅನ್ನೋ ಪ್ರೋಟೀನ್ ಮೇಲೆ, ರೋಗಾಣು ವಿರುದ್ಧ ಹೋರಾಡ್ಬೇಕಾದ ನಮ್ಮ ದೇಹದ ಆಂಟಿಬಾಡಿಗಳೇ ತಿರುಗಿ ಬೀಳ್ತವೆ, ಅಂಟು ಬಿಟ್ಟು ಚರ್ಮ ಸುಲಿಯತ್ತೆ.

ಮೈಕ್ರೋಸ್ಕೋಪಲ್ಲಿ ನೋಡಿದ್ರೆ ಮೇಲಿನ ಕೋಶಗಳು ಬಿಡಿಬಿಡಿಯಾಗಿ ತೇಲ್ತಿರ್ತವೆ, ತಳದ ಸಾಲು ಮಾತ್ರ ಸಮಾಧಿ ಕಲ್ಲು ನೆಟ್ಟ ಹಾಗೆ ನಿಂತಿರತ್ತೆ. ಹೊರಗಿಂದ ಇದೇ ಥರ ಗುಳ್ಳೆ ಕಾಣೋ ಇನ್ನೊಂದು ಕಾಯಿಲೆ ಬುಲ್ಲಸ್ ಪೆಂಫಿಗಾಯ್ಡ್, ಹೆಚ್ಚಾಗಿ ವಯಸ್ಸಾದವರಿಗೆ, ಅದ್ರಲ್ಲಿ ಮೇಲ್ಚರ್ಮ ಪೂರ್ತಿ ತಳದಿಂದಲೇ ಎದ್ದಿರತ್ತೆ. ಎರಡೂ ಬೇರೆ ಅಂತ 1953ರಲ್ಲಿ ಚರ್ಮರೋಗ ತಜ್ಞ ವಾಲ್ಟರ್ ಲಿವರ್ ಮೈಕ್ರೋಸ್ಕೋಪಲ್ಲೇ ಗುರುತಿಸಿದ್ರು. 1964ರಲ್ಲಿ ಅಮೆರಿಕದ ಬಫಲೋದಲ್ಲಿ ಬ್ಯೂಟ್ನರ್ ಮತ್ತೆ ಜೋರ್ಡನ್ ಅನ್ನೋ ಸಂಶೋಧಕರು ಪೆಂಫಿಗಸ್ ರೋಗಿಗಳ ರಕ್ತದಲ್ಲಿ ಆ ಆಂಟಿಬಾಡಿ ಇರೋದನ್ನ ತೋರಿಸಿದ್ರು, ಹೊಳೆಯೋ ಬಣ್ಣ ಅಂಟಿಸಿ. ಈಗ ನಾವು ಮಾಡೋದೂ ಅದೇ ದಾರೀಲಿ. ಕತ್ತಲೆ ರೂಮಲ್ಲಿ ಕೂತು ನೋಡಿದ್ರೆ ಪೆಂಫಿಗಸ್ ಆದ್ರೆ ಕೋಶಗಳ ಸುತ್ತ ಹಸಿರು ಮೀನಿನ ಬಲೆ, ಪೆಂಫಿಗಾಯ್ಡ್ ಆದ್ರೆ ಕೆಳಗಡೆ ಒಂದೇ ಹಸಿರು ಗೆರೆ. ಇಷ್ಟು ವರ್ಷ ಆದ್ರೂ ಆ ಬಲೆ ಕಂಡಾಗ ನಂಗೆ ಮೈ ಜುಂ ಅನ್ನತ್ತೆ. ಯಾವುದು ಅಂತ ಗೊತ್ತಾಗ್ಲೇಬೇಕು ಯಾಕಂದ್ರೆ ಪೆಂಫಿಗಾಯ್ಡ್ ಆದ ಎಷ್ಟೋ ಅಜ್ಜ ಅಜ್ಜಿಯರಿಗೆ ಸ್ಟ್ರಾಂಗ್ ಸ್ಟೀರಾಯ್ಡ್ ಮುಲಾಮಲ್ಲೇ ಹತೋಟಿಗೆ ಬರತ್ತೆ, ಪೆಂಫಿಗಸ್‌ಗೆ ಸ್ಟೀರಾಯ್ಡ್ ಮಾತ್ರೆ, ಆಂಟಿಬಾಡಿ ಹುಟ್ಟೋದನ್ನೇ ತಗ್ಗಿಸೋ ರಿಟುಕ್ಸಿಮ್ಯಾಬ್ ಇಂಜೆಕ್ಷನ್ ತನಕ ಹೋಗ್ಬೇಕಾಗತ್ತೆ.

ಫಾರ್ಮಾಲಿನ್ ಪ್ರೋಟೀನುಗಳನ್ನ ಹೆಣೆದು ಬಿಗಿದುಬಿಡತ್ತೆ, ಬಣ್ಣಕ್ಕೆ ಆಂಟಿಬಾಡಿ ಸಿಗಲ್ಲ, ಬಲೆ ಕಾಣಲ್ಲ. ಅದಕ್ಕೆ ಎರಡು ತುಂಡು ಬೇಕು. ಹೊಸ ಗುಳ್ಳೆಯ ಅಂಚಿಂದ ಒಂದು, ಅದು ಮಾಮೂಲಿ ಮೈಕ್ರೋಸ್ಕೋಪ್ ಪರೀಕ್ಷೆಗೆ, ಫಾರ್ಮಾಲಿನ್‌ಗೇ ಹಾಕಿ. ಗುಳ್ಳೆ ಪಕ್ಕದ, ನೋಡೋಕೆ ಚೆನ್ನಾಗಿರೋ ಚರ್ಮದಿಂದ ಇನ್ನೊಂದು, ಅದು ಇಮ್ಯುನೊಫ್ಲೋರೆಸೆನ್ಸ್‌ಗೆ, ಈ ಟೆಸ್ಟಿಗೆ ಅಂತಲೇ ಇರೋ ಮೈಕೆಲ್ಸ್ ಮೀಡಿಯಂ ಅನ್ನೋ ದ್ರಾವಣಕ್ಕೆ ಹಾಕಿ. ಅದಿಲ್ಲ ಅಂದ್ರೆ ಡ್ರಿಪ್ ಹಾಕೋ ನಾರ್ಮಲ್ ಸಲೈನ್ ಸಾಕು, 24 ಗಂಟೆ ಒಳಗೆ ಲ್ಯಾಬಿಗೆ ತಲುಪಿಸಿದ್ರೆ ಆಯ್ತು. ಸಲೈನ್ ಇಲ್ಲದ ತಾಲ್ಲೂಕು ಆಸ್ಪತ್ರೆ ಎಲ್ಲಿದೆ ಸಾರ್?

ಆ ಹುಡುಗ 11 ದಿನ ಬಿಟ್ಟು ಸಲೈನಲ್ಲಿ ತಂದ, ಬಲೆ ಸ್ಪಷ್ಟವಾಗಿ ಕಾಣ್ತು. ಅಷ್ಟರಲ್ಲಿ ಅವರಮ್ಮಂಗೆ ಬೆನ್ನೆಲ್ಲ ಸುಲಿದು ಬಾಳೆ ಎಲೆ ಮೇಲೆ ಮಲಗಿಸಿದ್ರಂತೆ. ದಯವಿಟ್ಟು ಈ ಪತ್ರಾನ ಜಿಲ್ಲಾ ಆವೃತ್ತಿಗಳಲ್ಲೂ ಹಾಕಿ, ಬಯಾಪ್ಸಿ ತೆಗೆಯೋ ಡಾಕ್ಟರು, ನರ್ಸಮ್ಮಂದಿರ ಕಣ್ಣಿಗೆ ಬೀಳ್ಲಿ.

ಇಂತಿ,
ಒಬ್ಬ ಲ್ಯಾಬ್ ಟೆಕ್ನಿಶಿಯನ್, ಬೆಂಗಳೂರು