ರಾಮಲಕ್ಷ್ಮಣರನ್ನು ಯಾಕೆ ಎಳೆದು ತಂದೆ, ತಮ್ಮಾ?

ಪ್ರೀತಿಯ ತಮ್ಮಾ,

ನಿನ್ನ ಲೇಖನ ಕೈಸೇರಿತು. ಜೊತೆಗಿದ್ದ ಚೀಟಿಯಲ್ಲಿ ‘ಇಂಗ್ಲಿಷ್ ಸೀರಿಯಲ್ ಬಗ್ಗೆ ಬರೆದಿದ್ದಕ್ಕೆ ಕ್ಷಮಿಸಿ ಸಾರ್’ ಅಂದಿದ್ದೀಯಲ್ಲ, ಅದನ್ನು ಓದಿ ಸಿಟ್ಟು ಬಂತು. ಕ್ಷಮೆ ಯಾತಕ್ಕೆ? ‘ಸೂಪರ್‌ನ್ಯಾಚುರಲ್’ ನಾನೂ ನೋಡಿದವನೇ. ಮೊಮ್ಮಗಳು ಹತ್ತಿಸಿದ ಚಟ. ಎಷ್ಟು ಪುಟ ಇರಬೇಕು, ಯಾವ ಪತ್ರಿಕೆಗೆ ಕಳಿಸಲಿ, ನುಡಿಯೋ ಯುನಿಕೋಡೋ ಅನ್ನೋದನ್ನೆಲ್ಲ ಬೇರೆ ಯಾರನ್ನಾದರೂ ಕೇಳಿಕೋ. ನನ್ನದು ಒಂದೇ ತಕರಾರು.

ಮೊದಲ ಪುಟದಲ್ಲೇ ರಾಮಲಕ್ಷ್ಮಣರು ಯಾಕೆ ಬಂದರು? ಡೀನ್, ಸ್ಯಾಮ್ ಅಂತ ಅಣ್ಣತಮ್ಮಂದಿರು, 1967ರ ಇಂಪಾಲಾ ಕಾರು, ಡಿಕ್ಕಿ ತುಂಬ ಬಂದೂಕು, ಉಪ್ಪು. ಅಮೆರಿಕದ ಊರೂರು ಸುತ್ತಿ ದೆವ್ವದ ಬೇಟೆ. ಇಷ್ಟು ಹೇಳಿ ಶುರುಮಾಡಿದ್ದರೆ ಸಾಕಿತ್ತು. ದೊಡ್ಡವರು ನಕ್ಕಾರು ಅನ್ನೋ ಹೆದರಿಕೆಗೆ ನೀನು ಹುಡುಗರಿಬ್ಬರಿಗೂ ಮಹಾಕಾವ್ಯದ ಶಾಲು ಹೊದಿಸಿಬಿಟ್ಟೆ. ಈಗ ಶಾಲು ಬಿಟ್ಟು ಏನೂ ಕಾಣುತ್ತಿಲ್ಲ.

ಈ ಶಾಲಿನ ಮೇಲೆ ನನಗೆ ಹಳೇ ಸಿಟ್ಟಿದೆ. ನಿನ್ನ ವಯಸ್ಸಿನಲ್ಲಿ ಪತ್ತೇದಾರಿ ಕಾದಂಬರಿಗಳ ಬಗ್ಗೆ ಬರೆದು ಒಂದು ವಾರಪತ್ರಿಕೆಗೆ ಕಳಿಸಿದ್ದೆ. ‘ಸಾಹಿತ್ಯದ ಬಗ್ಗೆ ಏನಾದರೂ ಇದ್ದರೆ ಕಳಿಸಿ’ ಅಂತ ಸಂಪಾದಕರು ವಾಪಸ್ ಮಾಡಿದರು. ಅದೇ ಮಹಾಶಯರು ಮುಂದೊಮ್ಮೆ ರೈಲಿನಲ್ಲಿ ಅಂಥದ್ದೇ ಕಾದಂಬರಿಗೆ ನ್ಯೂಸ್‌ಪೇಪರಿನ ಬೈಂಡು ಹಾಕಿಕೊಂಡು ಓದುತ್ತ ಕೂತಿದ್ದನ್ನು ಕಣ್ಣಾರೆ ಕಂಡೆ. ಅವರು ಈಗಿಲ್ಲ. ಸಿಟ್ಟು ಇನ್ನೂ ಇದೆ.

ಇರಲಿ. ಹೋಲಿಕೆಯಾದರೂ ಸರಿಯಿದೆಯೇ? ಲಕ್ಷ್ಮಣ ತಾನಾಗಿ ಅಣ್ಣನ ಹಿಂದೆ ಹೊರಟವನು. ಇಲ್ಲಿ ಅಣ್ಣನೇ ತಮ್ಮನ ಹಿಂದೆ, ಅದೂ ಅಪ್ಪನ ಅಪ್ಪಣೆಯಂತೆ. ಕ್ಯಾನ್ಸಸ್‌ನ ಲಾರೆನ್ಸ್ ಊರು, 1983ರ ನವೆಂಬರ್ 2ರ ರಾತ್ರಿ. ತಾಯಿ ಬೆಂಕಿಯಲ್ಲಿ ಬೇಯುತ್ತಿದ್ದಾಳೆ. ಅಪ್ಪ ಆರು ತಿಂಗಳ ಕೂಸನ್ನು ನಾಲ್ಕು ವರ್ಷದ ಡೀನ್ ಕೈಗೆ ಹಾಕಿ ‘ತಮ್ಮನನ್ನು ಎತ್ತಿಕೊಂಡು ಹೊರಗೆ ಓಡು’ ಅನ್ನುತ್ತಾನೆ. ಡೀನ್ ಆಮೇಲೆ ಆ ಕೂಸನ್ನು ಕೆಳಗಿಳಿಸಲೇ ಇಲ್ಲ. ಕೂಸಿಗೋ, ದೊಡ್ಡದಾದ ಮೇಲೆ ಸ್ಟ್ಯಾನ್‌ಫರ್ಡ್‌ನಲ್ಲಿ ಓದಿ ಈ ಮನೆಯ ಸಹವಾಸದಿಂದ ಪಾರಾದರೆ ಸಾಕಾಗಿತ್ತು.

ಮೂರನೇ ಸೀಸನ್ನಿನ ಕ್ರಿಸ್‌ಮಸ್ ಎಪಿಸೋಡನ್ನು ‘ಮನಮಿಡಿಯುವ’ ಅಂತ ಒಂದೇ ಪದದಲ್ಲಿ ಮುಗಿಸಿದ್ದೀಯ. ಆ ಪದಕ್ಕಿಷ್ಟು ಬೆಂಕಿ ಹಾಕು. ಅಲ್ಲಿ ನಡೆಯೋದನ್ನು ನೋಡು: 1991, ಮೋಟೆಲ್ ರೂಮು, ಬರುತ್ತೇನೆಂದ ಅಪ್ಪ ಬಂದಿಲ್ಲ. ಅಪ್ಪ ರಾತ್ರಿ ಬಂದು ಹೋದ ಅಂತ ತಮ್ಮನನ್ನು ನಂಬಿಸಲು ಡೀನ್ ಯಾರದೋ ಮನೆಯಿಂದ ಉಡುಗೊರೆ ಕದ್ದು ತರುತ್ತಾನೆ. ಬಿಚ್ಚಿದರೆ ಬಾರ್ಬಿ ಗೊಂಬೆ! ಹೆಣ್ಣುಮಕ್ಕಳಿರುವ ಮನೆಗೆ ನುಗ್ಗಿದ್ದಾನೆ ಪುಣ್ಯಾತ್ಮ. ಅಪ್ಪನಿಗೆಂದು ಇಟ್ಟಿದ್ದ ತಾಯಿತವನ್ನು ಸ್ಯಾಮ್ ಅಣ್ಣನಿಗೆ ಕೊಟ್ಟುಬಿಡುತ್ತಾನೆ. ಅದೇ ಎಪಿಸೋಡಿನ ಕೊನೆಯಲ್ಲಿ, ಇಬ್ಬರೂ ದೊಡ್ಡವರಾದ ಮೇಲಿನ ಕ್ರಿಸ್‌ಮಸ್: ಪೆಟ್ರೋಲ್ ಬಂಕಿನಲ್ಲಿ ಕೊಂಡ ಎಂಜಿನ್ ಆಯಿಲ್, ಶೇವಿಂಗ್ ಕ್ರೀಮು ಕೊಟ್ಟುಕೊಳ್ಳುತ್ತಾರೆ. ತಮ್ಮನ ಜೀವಕ್ಕೆ ಆತ್ಮ ಅಡವಿಟ್ಟ ಡೀನ್ ಮುಂದಿನ ಕ್ರಿಸ್‌ಮಸ್‌ಗೆ ಇರುವುದಿಲ್ಲ, ಇಬ್ಬರಿಗೂ ಗೊತ್ತು. ಸ್ಯಾಮ್ ಏನೋ ಹೇಳಹೊರಟು, ‘ಮ್ಯಾಚ್ ನೋಡೋಣವಾ?’ ಅನ್ನುತ್ತಾನೆ. ಇದನ್ನು ಕಂಡದ್ದು ಕಂಡಂತೆ ಬರೆದಿದ್ದರೆ ನಿನ್ನ ಲೇಖನಕ್ಕೆ ವಾಲ್ಮೀಕಿಯ ಶಿಫಾರಸು ಬೇಕಿರಲಿಲ್ಲ.

‘ಒಂದು ಎಪಿಸೋಡೂ ಸಪ್ಪೆಯಿಲ್ಲ’ ಅಂದಿದ್ದೀಯ. 2005ರಿಂದ 2020ರವರೆಗೆ 15 ಸೀಸನ್, 327 ಎಪಿಸೋಡ್, ಒಂದೂ ಸಪ್ಪೆಯಿಲ್ಲವೇ? ಸೀರಿಯಲ್ ಹುಟ್ಟುಹಾಕಿದ ಎರಿಕ್ ಕ್ರಿಪ್ಕಿ ಐದು ಸೀಸನ್ನಿನ ಲೆಕ್ಕದಲ್ಲಿ ಕತೆ ಹೆಣೆದು ಚುಕ್ಕಾಣಿ ಬೇರೆಯವರ ಕೈಗೆ ಕೊಟ್ಟ. ಏಳನೆಯದರಲ್ಲಿ ಆ ಲೆವಿಯಾಥನ್ ಅನ್ನೋ ರಾಕ್ಷಸರು ಬಂದಾಗ ನಾನಂತೂ ತೂಕಡಿಸಿದೆ. ನೀನೂ ತೂಕಡಿಸಿರುತ್ತೀಯ, ಹೇಳಿಲ್ಲ ಅಷ್ಟೆ.

ಅದನ್ನಾದರೂ ಕ್ಷಮಿಸಬಹುದು. ಒಂಬತ್ತನೇ ಸೀಸನ್ನನ್ನು ಹಾರಿಸಿದ್ದನ್ನು ಕ್ಷಮಿಸಲಾರೆ. ಸಾಯಲು ಒಪ್ಪಿಬಿಟ್ಟಿದ್ದ ತಮ್ಮನನ್ನು ಉಳಿಸಲು, ಅವನಿಗೆ ಗೊತ್ತಾಗದಂತೆ ಅವನ ಮೈಯೊಳಗೆ ದೇವದೂತನೊಬ್ಬನನ್ನು ಡೀನ್ ಸೇರಿಸುತ್ತಾನೆ. ಗೊತ್ತಾದ ಮೇಲೆ ಸ್ಯಾಮ್ ಹೇಳುತ್ತಾನೆ, ನಿನ್ನ ಜಾಗದಲ್ಲಿ ನಾನಿದ್ದರೆ ಹೀಗೆ ಮಾಡುತ್ತಿರಲಿಲ್ಲ ಅಂತ. ಅಲ್ಲಿ ಡೀನ್‌ನ ಮುಖ ನೋಡಿದ್ದೀಯಾ? ಪ್ರೀತಿ ಅನ್ನೋದು ಎದುರಿಗಿದ್ದವನ ಕತ್ತು ಹಿಸುಕುವ ಜಾಗ ಅದು. ಅಭಿಮಾನಿಯಾದವನು ಮೊದಲು ಅಲ್ಲಿಗೆ ಹೋಗಿ ಕೂರಬೇಕು. ನೀನು ಭಕ್ತನ ಹಾಗೆ ಪ್ರದಕ್ಷಿಣೆ ಹಾಕಿ ಬಂದಿದ್ದೀಯ.

ಇಷ್ಟು ಬೈದೆ ಅಂತ ಮುನಿಯಬೇಡ. ಆರನೇ ಪುಟದಲ್ಲಿ, ಎಪಿಸೋಡುಗಳನ್ನೆಲ್ಲ ಅಕ್ಕ ಹಾಸ್ಟೆಲ್ಲಿನಿಂದ ಪೆನ್‌ಡ್ರೈವಿನಲ್ಲಿ ತಂದುಕೊಟ್ಟಳು ಅಂತ ಒಂದು ಸಾಲಿದೆ. ಅದನ್ನು ಓದಿಯೇ ಈ ಕಾಗದಕ್ಕೆ ಕೂತೆ. ಆಕೆ ಆಮೇಲೆ ಎಲ್ಲೂ ಬರುವುದಿಲ್ಲ. ಇಬ್ಬರೂ ಒಟ್ಟಿಗೆ ಕೂತು ನೋಡಿದಿರಾ? ಯಾರು ಡೀನ್ ಪರ, ಯಾರು ಸ್ಯಾಮ್ ಪರ? ಜಗಳವಾಡದೆ ಇರಲು ಸಾಧ್ಯವೇ ಇಲ್ಲ. ಆ ಜಗಳ ಬರೆ. ರಾಮಲಕ್ಷ್ಮಣರ ಪುಟ ಹರಿದುಹಾಕು, ಕೊನೆಯಲ್ಲಿ ಅಂಟಿಸಿದ ಪಾಶ್ಚಾತ್ಯ ವಿಮರ್ಶಕರ ಹೆಸರುಗಳನ್ನೂ.

ಒಂಬತ್ತನೇ ಸೀಸನ್ನಿನಲ್ಲಿ ಡೀನ್ ಮಾಡಿದ್ದು ತಪ್ಪೋ ಸರಿಯೋ ಅಂತ ಬರೆದು ಕಳಿಸು. ನನ್ನ ಪ್ರಕಾರ ತಪ್ಪು, ಮೊಮ್ಮಗಳು ಒಪ್ಪುವುದಿಲ್ಲ. ನಿನ್ನಕ್ಕನನ್ನೂ ಕೇಳು.

ನಿನ್ನ,
ಮೇಷ್ಟ್ರು